ಬ್ರಿಸ್ಬೇನಿಗೆ ಹೊರಟವರಿಗೆ: ಬಾಳೆಹಣ್ಣು, ಕಾಂಗರೂ ಮತ್ತು ಪೊಟ್ಟಣದ ಸಣ್ಣ ಅಕ್ಷರಗಳು

ಅಣ್ಣನ ಮಗ ಜುಲೈಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಓದಲು ಹೊರಟಿದ್ದಾನೆ. ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಅವನ ಓದಿಗಿಂತ ಹೆಚ್ಚು ಚರ್ಚೆಯಾಗುತ್ತಿರುವುದು ಅವನ ಊಟ. ಜಂತಿಗೆ ನೇತುಹಾಕಿದ ಪುಟ್ಟಬಾಳೆ ಗೊನೆಯಿಂದ ಒಂದು ಹಣ್ಣು ಕಿತ್ತು ಅವನ ಕೈಗಿಡುತ್ತಾ ಅಮ್ಮ ಕೇಳಿದಳು: “ಅಲ್ಲಿ ಕಾಂಗರೂ ತಿನ್ನುತ್ತಾರಂತಲ್ಲ, ನಮ್ಮ ಹುಡುಗನಿಗೂ ತಿನ್ನಿಸಿಬಿಟ್ಟರೆ?” ಅಣ್ಣ ಸುಮ್ಮನಿರುವವನಲ್ಲ. “ಇರುವೆ ಗೂಡು ಕೊಡವಿ ಚಗಳಿ ಚಟ್ನಿ ಅರೆಯುವವಳು ನೀನು. ಆ ಊರಿನ ಅಜ್ಜಿಯರು ನಿನ್ನ ಬಗ್ಗೆ ಏನು ಹೇಳಬೇಕಮ್ಮಾ?” ಜಗಲಿಯಲ್ಲಿದ್ದವರೆಲ್ಲ ನಕ್ಕರು, ಅಮ್ಮನೂ ನಕ್ಕಳು. ಜೊತೆಯಲ್ಲಿ ಹೊರಟಿರುವ ಸಾಗರದ ಹುಡುಗ ಮಾತ್ರ ನಗಲಿಲ್ಲ. ಅವನ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ.

ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಹಲವು ವರ್ಷ ಸಂಸಾರ ಮಾಡಿದವನಾಗಿ ಅವನಿಗೆ ಮೊದಲು ಹೇಳಿದ್ದು ಇಷ್ಟು: ಅಲ್ಲಿ ಯಾರೂ ಯಾರಿಗೂ ಏನನ್ನೂ ತಿನ್ನಿಸುವುದಿಲ್ಲ. ಆದರೆ ಓದದೆ ಕೊಂಡರೆ ನೀನೇ ತಿಂದುಬಿಡುತ್ತೀಯ.

ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ನಿಶ್ಚಿಂತರಾಗುತ್ತೇವೆ. ಆಸ್ಟ್ರೇಲಿಯಾದಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ‘ವೀಗನ್’ ಎಂದು ಮುದ್ರಿಸುತ್ತವೆ, ಹಲವು ಮುದ್ರಿಸುವುದಿಲ್ಲ. ಅಲ್ಲಿಯ ಕಾನೂನು ಎಲ್ಲವನ್ನೂ ಮಾತಿನಲ್ಲಿ ಬರೆಸುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ತೂಕದಲ್ಲಿ ಹೆಚ್ಚಿರುವುದು ಮೊದಲು. ಹಾಲು, ಮೊಟ್ಟೆ, ಮೀನು, ಸಿಗಡಿಯಂಥವು ಅಲರ್ಜಿ ತರಬಹುದಾದ್ದರಿಂದ ಅವುಗಳ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕಬೇಕು. ಮೊಟ್ಟೆ ತಿನ್ನದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಕೇಕು, ಬಿಸ್ಕತ್ತು ಯಾವುದೇ ಇರಲಿ, ದಪ್ಪಕ್ಷರದಲ್ಲಿ ‘ಎಗ್’ ಕಂಡರೆ ಕೆಳಗಿಟ್ಟುಬಿಡಿ.

ತೊಂದರೆ ಇರುವುದು ದಪ್ಪಕ್ಷರಕ್ಕೆ ಬಾರದ ಪದಗಳಲ್ಲಿ. ಇವನ್ನು ಬಾಯಿಪಾಠ ಮಾಡಿಕೊಳ್ಳಿ. ‘ಜೆಲಟಿನ್’ ಎಂದರೆ ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆದ ಅಂಟು. ಅಲ್ಲಿ ‘ಲಾಲೀಸ್’ ಎನ್ನುವ ಮೆತ್ತನೆಯ ಮಿಠಾಯಿಗಳಲ್ಲಿ, ಕೆಲವು ಮೊಸರುಗಳಲ್ಲಿ ಕೂಡ ಇರುತ್ತದೆ. ‘ಟ್ಯಾಲೊ’ ದನ ಕುರಿಗಳ ಕೊಬ್ಬು, ‘ಲಾರ್ಡ್’ ಹಂದಿಯ ಕೊಬ್ಬು. ಬಣ್ಣದ ಸಂಖ್ಯೆ 120 ಕಂಡರೆ ಅದು ಒಂದು ಜಾತಿಯ ಹುಳದಿಂದ ತೆಗೆದ ಕೆಂಪು. ಚೀಸಿನಲ್ಲಿ ‘ರೆನೆಟ್’, ಅಂದರೆ ಹಾಲು ಗಟ್ಟಿಯಾಗಿಸುವ ಕಿಣ್ವ, ಎಂದಿದ್ದರೆ ಕರುವಿನ ಜಠರದ್ದೋ ಅಲ್ಲವೋ ಎಂದು ನೋಡಬೇಕು. ಹ್ಯಾಮ್, ಬೇಕನ್ ಎರಡೂ ಹಂದಿ. ಮಾಂಸದಂಗಡಿಯಲ್ಲಿ ಬರೀ ‘ಮಿನ್ಸ್’ ಎಂದರೆ ಸಾಮಾನ್ಯವಾಗಿ ದನದ ಕೈಮಾ.

ಸಾಗರದ ಹುಡುಗ ಮೊಬೈಲಿನಲ್ಲಿ ಒಂದು ಹಾಲಿನ ಡಬ್ಬದ ಚಿತ್ರ ತೋರಿಸಿ ಗಾಬರಿಯಿಂದ ಕೇಳಿದ: “ಇದರ ಮೇಲೂ ಕಾಂಗರೂ ಇದೆಯಲ್ಲ?” ಇದೆ. ಹಸಿರು ತ್ರಿಕೋನದೊಳಗೆ ಹಳದಿ ಕಾಂಗರೂ ಇದ್ದರೆ ಆ ವಸ್ತು ಆಸ್ಟ್ರೇಲಿಯಾದಲ್ಲಿ ಬೆಳೆದದ್ದು ಅಥವಾ ತಯಾರಾದದ್ದು ಎಂದರ್ಥ. ಗುರುತಿನ ಕೆಳಗಿರುವ ಅಡ್ಡಪಟ್ಟೆ ಅದರಲ್ಲಿ ಆ ದೇಶದ ಪದಾರ್ಥ ಎಷ್ಟು ಪಾಲು ಎಂದು ತೋರಿಸುತ್ತದೆ. 2018ರ ಜುಲೈ 1ರಿಂದ ಹೆಚ್ಚಿನ ಆಹಾರಗಳಿಗೆ ಈ ಮೂಲದೇಶದ ಗುರುತು ಕಡ್ಡಾಯ. ಕಾಂಗರೂ ಚಿತ್ರವಿರುವ ಹಾಲು ಹಸುವಿನ ಹಾಲೇ!

ನಿಜವಾದ ಕಾಂಗರೂ ಮಾಂಸವನ್ನು ಯಾರೂ ಬಚ್ಚಿಟ್ಟು ಮಾರುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಹೆಸರು ಬರೆದೇ ಇಟ್ಟಿರುತ್ತಾರೆ. ದಕ್ಷಿಣ ಆಸ್ಟ್ರೇಲಿಯಾ 1980ರಲ್ಲಿ, ಉಳಿದ ರಾಜ್ಯಗಳು 1993ರಲ್ಲಿ ಇದನ್ನು ಮನುಷ್ಯರ ಆಹಾರವಾಗಿ ಮಾರಲು ಒಪ್ಪಿದವು. ಕಾಂಗರೂವನ್ನು ಕುರಿಯಂತೆ ಸಾಕುವುದಿಲ್ಲ. ಕಾಡಿನಲ್ಲಿರುವುದನ್ನೇ ಪರವಾನಗಿ ಇರುವ ಬೇಟೆಗಾರರು ಸರ್ಕಾರ ಪ್ರತಿವರ್ಷ ನಿಗದಿ ಮಾಡುವ ಮಿತಿಯೊಳಗೆ ಹೊಡೆಯುತ್ತಾರೆ. ನಮ್ಮ ಕಡೆ ಶಿಕಾರಿಯ ಕಥೆ ಹೇಳುವ ಹಿರಿಯರು ಇದನ್ನು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಪರವಾನಗಿಯಿಲ್ಲದೆ ಕೋವಿ ಹಿಡಿದು ಹೊರಟರೆ ಅಲ್ಲಿಯೂ ಅಪರಾಧವೇ. ತಿನ್ನುವ ಮನಸ್ಸಿದ್ದವರಿಗೆ ಒಂದು ಮಾತು: ಈ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಅದರ ಸ್ಟೇಕನ್ನು ನಮ್ಮ ಹಂದಿ ಸಾರಿನಂತೆ ಗಂಟೆಗಟ್ಟಲೆ ಕುದಿಸಿದರೆ ತೊಗಲಾಗುತ್ತದೆ, ಬೇಗ ಬೇಯಿಸಿ ಇಳಿಸಬೇಕು. ಉತ್ತರದ ಕಡೆ ಹೋದರೆ ಸಾಕಿದ ಮೊಸಳೆಯ ಮಾಂಸವೂ ಸಿಗುತ್ತದೆ. ಬಿಳಿ ಮಾಂಸ, ಕೋಳಿಗೂ ಮೀನಿಗೂ ನಡುವಿನ ರುಚಿ. ಇಷ್ಟು ಕೇಳಿದ ಅಮ್ಮ, “ಅವರ ಲಾಂಛನದಲ್ಲಿ ಕಾಂಗರೂ ಇದೆಯಲ್ಲವೇನೋ?” ಎಂದಳು. ಇದೆ, ಇನ್ನೊಂದು ಬದಿಗೆ ಎಮು ಹಕ್ಕಿ. ಎರಡನ್ನೂ ತಿನ್ನುತ್ತಾರೆ. “ನಮ್ಮ ಗಂಡಭೇರುಂಡ ಸಿಕ್ಕುವುದಿಲ್ಲ, ಪುಣ್ಯ” ಎಂದು ಅಣ್ಣ ಮಾತು ಸೇರಿಸಿದ.

ವಾರಾಂತ್ಯದಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಸ್ಥಳೀಯ ಸಂಘದವರು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಕೊಡುತ್ತಾರೆ. ದುಡ್ಡು ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ಅದರೊಳಗೆ ಯಾವ ಮಾಂಸ ಎಂದು ಕೇಳಿ, ಅವರು ಬೇಸರಪಡುವುದಿಲ್ಲ. ಥಾಯ್ ಹೋಟೆಲಿನಲ್ಲಿ ತರಕಾರಿ ಎಂದ ಮಾತ್ರಕ್ಕೆ ನಂಬಬೇಡಿ, ಮೀನಿನ ಸಾಸ್ ಇದೆಯೇ ಎಂದು ಬಿಡಿಸಿ ಕೇಳಿ.

ಇನ್ನು ಬಾಳೆಹಣ್ಣು. ಮಲೆನಾಡಿನವರಿಗೆ ನಿಜವಾದ ಸಂಕಟ ಇಲ್ಲಿಯೇ. ಅಡಿಕೆ ತೋಟದ ನಡುವೆ ಪುಟ್ಟಬಾಳೆ, ಕರಿಬಾಳೆ, ಮಿಟ್ಲಿ ಎಂದು ಬೇಕಾದ್ದು ಕಡಿದು ತಂದವರಿಗೆ ಅಲ್ಲಿ ಕಾಣುವುದು ಬಹುಪಾಲು ಒಂದೇ ಜಾತಿ: ಕ್ಯಾವೆಂಡಿಶ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಕ್ವೀನ್ಸ್‌ಲ್ಯಾಂಡಿನವರನ್ನು ಉಳಿದ ರಾಜ್ಯದವರು ‘ಬನಾನಾ ಬೆಂಡರ್’, ಬಾಳೆಹಣ್ಣು ಬಗ್ಗಿಸುವವರು, ಎಂದು ಛೇಡಿಸುವುದು ಸುಮ್ಮನಲ್ಲ. ದೇಶದ ಬಾಳೆಯ ಬಹುಭಾಗ ಆ ರಾಜ್ಯದ ಉತ್ತರದ ಟಲಿ, ಇನ್ನಿಸ್‌ಫೇಲ್ ಸುತ್ತಲಿನದು. ಹೊರದೇಶದ ತಾಜಾ ಬಾಳೆಹಣ್ಣು ಅಂಗಡಿಗೆ ಬರುವುದಿಲ್ಲ. ಹಾಗಾಗಿ 2006ರ ಮಾರ್ಚ್‌ನಲ್ಲಿ ಲ್ಯಾರಿ, 2011ರ ಫೆಬ್ರವರಿಯಲ್ಲಿ ಯಾಸಿ ಚಂಡಮಾರುತ ಆ ತೋಟಗಳನ್ನು ಮಲಗಿಸಿದಾಗ ಬೆಲೆ ಕಿಲೋಗೆ ಹತ್ತು ಡಾಲರ್ ದಾಟಿತು.

ಬಾಗಿಲು ಇಷ್ಟು ಭದ್ರವಾಗಿ ಮುಚ್ಚಿರುವುದು ರೋಗದ ಭಯಕ್ಕೆ. ಕೊಳೆರೋಗಕ್ಕೂ ಎಲೆಚುಕ್ಕಿಗೂ ತೋಟ ಕಳೆದುಕೊಂಡ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಪನಾಮಾ ಸೊರಗು ರೋಗದ ಹೊಸ ತಳಿ 2015ರಲ್ಲಿ ಟಲಿಯ ತೋಟಕ್ಕೆ ಬಂತು. ಅದು ಮಣ್ಣಿನ ಶಿಲೀಂಧ್ರ, ಔಷಧಿಯಿಲ್ಲ, ಬೂಟಿಗೆ ಅಂಟಿದ ಕೆಸರಿನಲ್ಲೂ ಹರಡುತ್ತದೆ. ಆದ್ದರಿಂದ ಊರಿನಿಂದ ಬಾಳೆಯ ಕಂದು ಒಯ್ಯುವ ಆಸೆ ಯಾರಿಗೂ ಬೇಡ, ದಯವಿಟ್ಟು. ಅದು ಇನ್ನೊಬ್ಬ ರೈತನ ಅನ್ನ. ಹಿತ್ತಲಲ್ಲಿ ನೆಡಬೇಕೆಂದರೆ ಮೊದಲು ಅಲ್ಲಿಯ ಕೃಷಿ ಇಲಾಖೆಯ ನಿಯಮ ನೋಡಿ, ಸಸಿಗೂ ನಿರ್ಬಂಧವಿದೆ.

ರುಚಿಗೆ ದಾರಿ ಇದೆ. ‘ಲೇಡಿ ಫಿಂಗರ್’ ಎಂಬ ಗಿಡ್ಡ ಹಣ್ಣು ಕೇಳಿ ಪಡೆಯಿರಿ, ಏಲಕ್ಕಿ ಬಾಳೆಯಲ್ಲ, ಆದರೂ ಮನಸ್ಸಿಗೆ ಹತ್ತಿರ. ಏಷ್ಯನ್ ಅಂಗಡಿಗಳಲ್ಲಿ ಪಲ್ಯದ ಕಾಯಿ ಸಿಗುತ್ತದೆ, ಎಲೆ ಹೆಪ್ಪುಗಟ್ಟಿಸಿದ ಕಟ್ಟುಗಳಲ್ಲಿ ಬರುತ್ತದೆ. ಗಣೇಶ ಚೌತಿಗೆ ನಾವು ಉಣ್ಣುವುದು ಅದರ ಮೇಲೆಯೇ. ಕಪ್ಪಾದ ಕ್ಯಾವೆಂಡಿಶ್‌ನಲ್ಲಿ ಬನ್ಸ್ ಬಹಳ ಚೆನ್ನಾಗಿ ಉಬ್ಬುತ್ತದೆ.

ಕೊನೆಯದು ವಿಮಾನ ನಿಲ್ದಾಣ. ಇಳಿಯುವ ಮುಂಚೆ ತುಂಬುವ ಪ್ರಯಾಣಿಕರ ಘೋಷಣೆಯಲ್ಲಿ ತಿಂಡಿ, ಬೀಜ, ಮಾಂಸ, ಹಾಲಿನ ಪದಾರ್ಥ ಏನಿದ್ದರೂ ‘ಹೌದು’ ಎಂದು ಗುರುತು ಹಾಕಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಬರೆಯಿರಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ, ವಿದ್ಯಾರ್ಥಿ ವೀಸಾ ರದ್ದು ಮಾಡುವ ಅಧಿಕಾರವೂ ಅವರಿಗಿದೆ.

ಅಮ್ಮ ದಾರಿಗೆಂದು ಒಂದು ಚಿಪ್ಪು ಪುಟ್ಟಬಾಳೆ ಈಗಲೇ ಗುರುತಿಟ್ಟಿದ್ದಾಳೆ. ಹುಡುಗರಿಬ್ಬರೂ ಅದನ್ನು ಆಕಾಶದಲ್ಲೇ ತಿಂದು ಮುಗಿಸಬೇಕು, ಸಿಪ್ಪೆಯನ್ನೂ ವಿಮಾನದಲ್ಲೇ ಬಿಟ್ಟಿಳಿಯಬೇಕು.