ಮೂರನೇ ಮಹಡಿಯ ಕಲಗಚ್ಚು

ತಿಪಟೂರಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ಕಡ್ಡಿ ಎಲ್ಲ ಅದಕ್ಕೇ. ಸಂಜೆಗೆ ಹಸು ಕುಡಿದು ಮುಗಿಸುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ನಮ್ಮ ಸಿಪ್ಪೆಯೂ ಊರಿನ ಕಸದ ಜೊತೆ ಲಾರಿ ಹತ್ತಿತು. ಬೆಂಗಳೂರಿನ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿ ಮಂಡೂರಿನವರು ತಿರುಗಿಬಿದ್ದು 2014ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತಲ್ಲ, ಆ ವರ್ಷವೇ ನಾನು ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಲು ಬಾಲ್ಕನಿಯಲ್ಲಿ 20 ಲೀಟರಿನ ಹಳೇ ಪೇಂಟ್ ಬಕೆಟ್ ಇಟ್ಟೆ. ಈಗ ಅದೇ ನನ್ನ ಹಸು.

ಹಸುವಿಗೆ ಹಾಕುವ ಮೊದಲು ನಾವು ತಿನ್ನುವುದನ್ನು ತಿಂದುಬಿಡೋಣ. ಹೀರೇಕಾಯಿ ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಎಣ್ಣೆಯಲ್ಲಿ ಅಂಚು ಗರಿಯಾಗುವವರೆಗೆ ಬಾಡಿಸಿ, ಹುರಿದ ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ತೆಂಗಿನಕಾಯಿ ಸೇರಿಸಿ ತರಿತರಿಯಾಗಿ ರುಬ್ಬಿ. ಕಲ್ಲಂಗಡಿಯ ಬಿಳಿ ಭಾಗವನ್ನು ನೆನೆದ ಅಕ್ಕಿ ಜೊತೆ ರುಬ್ಬಿದರೆ ಮೆತ್ತನೆ ದೋಸೆ. ಮಿಕ್ಕಿದ ಅನ್ನಕ್ಕೆ ಚಿತ್ರಾನ್ನ ಇದ್ದೇ ಇದೆ.

ಇನ್ನು ಬಕೆಟ್. ಸುತ್ತಲೂ ತೂತು ಕೊರೆಯಿರಿ, ತಳದಲ್ಲೂ ಎರಡು; ಕೆಳಗೊಂದು ತಟ್ಟೆ. ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ನೀರು ಬಸಿದು ಹಾಕಿ. ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಪುಡಿ ಮಾಡಿದ ಎಲೆ, ಇದರಲ್ಲಿ ಜಿಪುಣತನ ಬೇಡ. ಮೊದಲ ವಾರ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಲ್ಲಿ ತಿರುವಿ. ಎಲೆಗೆ ಎಲ್ಲಿಗೆ ಹೋಗೋದು ಅಂತೀರಾ? ಚಳಿಗಾಲ ಮುಗಿಯುವಾಗ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಸುರಿಸುತ್ತವೆ. ಗುಡಿಸುವ ಪೌರಕಾರ್ಮಿಕರನ್ನು ಕೇಳಿ ಎರಡು ಗೋಣಿಚೀಲ ತುಂಬಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಮೊದಲ ತಿಂಗಳಲ್ಲೇ ನಾನು ಕೆಟ್ಟೆ. ಹಬ್ಬದಲ್ಲಿ ಮಿಕ್ಕ ಸಾರನ್ನೆಲ್ಲ ಬಕೆಟ್ಟಿಗೆ ಬಗ್ಗಿಸಿದ್ದೆ. ಮೂರನೇ ದಿನ ಕೆಳಗಿನ ಮನೆಯವರು ಬಂದು, "ಏನ್ರೀ, ಎಲ್ಲಾದ್ರೂ ಇಲಿ ಸತ್ತಿದ್ಯಾ?" ಅಂದರು. ಹರಿದ ಪೇಪರು, ಎಲೆ ಧಾರಾಳವಾಗಿ ಬೆರೆಸಿ, ದಿನವೂ ತಿರುವುತ್ತಾ ಬಂದ ಮೇಲೆ ವಾಸನೆ ಹೋಯಿತು. ಅಂದಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡುತ್ತೇನೆ: ನೀರು ತೊಟ್ಟಿಕ್ಕಿದರೆ ಎಲೆ ಬೇಕು, ಉದುರುದುರಾಗಿದ್ದರೆ ಅಕ್ಕಿ ತೊಳೆದ ನೀರು. ಉಪ್ಪು, ಎಣ್ಣೆ, ಮೂಳೆ ಬೇಡವೇ ಬೇಡ. ಬಿಳಿ ಬೂಷ್ಟು ಕಂಡರೆ ಸಂತೋಷಪಡಿ. ದಪ್ಪನೆ ಹುಳ ಕಂಡರೆ ಕಿರುಚಬೇಡಿ; ಅವು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ನಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ.

ತುಂಬಿದ ಬಕೆಟ್ಟನ್ನು ಎರಡು ತಿಂಗಳು ಮೂಲೆಗಿಟ್ಟು ಆಗಾಗ ತಿರುವಿ. ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು. ಜರಡಿ ಹಿಡಿದಾಗ ಮಾವಿನ ವಾಟೆ, ಒರಟು ತುಂಡು ಉಳಿಯುತ್ತವೆ. ಎಸೆಯಬೇಡಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಎರಡು ಹಿಡಿ ಗೊಬ್ಬರದ ಜೊತೆ ಮುಂದಿನ ಬಕೆಟ್ಟಿಗೆ ಹಾಕಿ.