ಹೊಸ ಗೀಸರ್‌ನ ಐದು ಸ್ಟಾರ್ ನಿಜವೇ? ಗಡಿಯಾರ ಹಿಡಿದು ನೋಡುವ ಬಗೆ

ಪುಣೆಯಲ್ಲಿ ಚಳಿ ಶುರುವಾದರೆ ನನಗೆ ಬರುವ ಕರೆಗಳು ಒಂದೇ ಬಗೆಯವು. "ಕಾಕಾ, ಫೈವ್ ಸ್ಟಾರ್ ಎಂದು ಹೇಳಿ ಗೀಸರ್ ಕೊಟ್ಟರು, ಬಿಲ್ ನೋಡಿದರೆ ಏರಿದೆ. ಸ್ಟಾರ್ ಸುಳ್ಳಲ್ಲವೇ?" ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ವಿದ್ಯುತ್ ನಿರ್ವಹಣೆ ಮಾಡಿ ನಿವೃತ್ತನಾದ ನಾನು ಕೋಥ್ರೂಡ್‌ನ ಕನ್ನಡದವರಿಗೆಲ್ಲ ಪುಕ್ಕಟೆ ಸಲಹೆಗಾರ. ಸುಳ್ಳೂ ಇರಬಹುದು. ಆದರೆ ಅಂಗಡಿಯವನ ಮೇಲೆ ಹರಿಹಾಯುವ ಮೊದಲು ಆ ಸ್ಟಾರ್ ಯಾವುದಕ್ಕೆ ಕೊಟ್ಟದ್ದೆಂದು ತಿಳಿದುಕೊಳ್ಳಿ.

ನೀರು ಕಾಯಿಸುವ ಕೆಲಸಕ್ಕೆ ಕೊಟ್ಟದ್ದಲ್ಲ. ಗೀಸರ್‌ನ ಕಾಯಿಲ್ ಒಂದು ಸ್ಟಾರಿನದಿರಲಿ, ಐದರದಿರಲಿ, ಎಳೆದ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಸುತ್ತದೆ. ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಬೇಕಾಗುವ ಯೂನಿಟ್ ಸಿಗುತ್ತದೆ. 25 ಲೀಟರ್ ನೀರು 22 ಡಿಗ್ರಿಯಿಂದ 60ಕ್ಕೆ ಏರಬೇಕಾದರೆ 1.1 ಯೂನಿಟ್, ಯಾವ ಸ್ಟಾರೂ ಇದನ್ನು ತಗ್ಗಿಸಲಾರದು. ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ಅಳೆಯುವುದು ಬೇರೆಯದನ್ನು: ಕಾದ ನೀರನ್ನು ಮುಟ್ಟದೆ ಬಿಟ್ಟರೆ ತೊಟ್ಟಿಯ ಮೈಯಿಂದ 24 ಗಂಟೆಯಲ್ಲಿ ಎಷ್ಟು ಯೂನಿಟ್ ಶಾಖ ಸೋರಿಹೋಗುತ್ತದೆ ಎಂಬುದನ್ನು. ನೀರು ಸುತ್ತಲಿಗಿಂತ 45 ಡಿಗ್ರಿ ಬಿಸಿ ಇದ್ದಾಗಿನ ಲೆಕ್ಕ ಅದು. ಲೇಬಲ್ ಮೇಲೆ ಸ್ಟಾರ್‌ಗಳ ಜೊತೆ ಆ ಅಂಕಿಯೂ ಇರುತ್ತದೆ. ನಮಗೆ ಬೇಕಾದದ್ದು ಅದೇ.

ಮೊದಲು ಕಾಗದ. ಬಿಲ್‌ನ ಮಾದರಿ ಸಂಖ್ಯೆ, ಪೆಟ್ಟಿಗೆಯದು, ಗೀಸರ್ ಮೈಮೇಲಿನ ಪಟ್ಟಿಯದು, ಮೂರೂ ಅಕ್ಷರ ತಪ್ಪದೆ ಹೊಂದಬೇಕು. ಆ ಪಟ್ಟಿ ಹೆಚ್ಚಾಗಿ ತಳದಲ್ಲೋ ಗೋಡೆಯ ಕಡೆಗೋ ಇರುತ್ತದೆ. ಸ್ಟೂಲ್ ಹತ್ತಿ ಮೊಬೈಲನ್ನು ಸಂದಿಯಲ್ಲಿ ತೂರಿಸಿ ಫೋಟೊ ತೆಗೆಯಿರಿ. ಆಮೇಲೆ ಬಿಇಇಯ ಸ್ಟಾರ್ ಲೇಬಲ್ ಆ್ಯಪ್‌ನಲ್ಲಿ ಆ ಮಾದರಿಯನ್ನು ಹುಡುಕಿ. ಲೇಬಲ್‌ನ ಅವಧಿಯನ್ನೂ ನೋಡಿ.

ಇನ್ನು ಪರೀಕ್ಷೆ. ರಾತ್ರಿ ಒಂಬತ್ತಕ್ಕೆ ಗೀಸರ್ ಹಾಕಿ, ಕಾಯಿಸುವ ದೀಪ ತಾನಾಗಿ ಆರುವವರೆಗೆ ಬಿಡಿ. ನಡುವೆ ಒಂದು ನಿಮಿಷ ಫ್ರಿಜ್, ಫ್ಯಾನ್ ಎಲ್ಲ ಆರಿಸಿ ಮನೆಯ ಮೀಟರ್ ಮುಂದೆ ನಿಂತು ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆಂದು ಎಣಿಸಿ. ಯೂನಿಟ್‌ಗೆ 3200 ಮಿಣುಕು ಎಂದು ಮೀಟರ್ ಮೇಲೆ ಬರೆದಿದ್ದು ನಿಮಿಷಕ್ಕೆ 96 ಮಿಣುಕಿದರೆ, 96ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿ: ಕಾಯಿಲ್ ಎಳೆಯುತ್ತಿರುವುದು 1.8 ಕಿಲೋವಾಟ್, ಅಂದರೆ ಗಂಟೆಗೆ 1.8 ಯೂನಿಟ್. ಪಟ್ಟಿಯ ಮೇಲೆ 2000 ವಾಟ್ ಎಂದಿದ್ದರೂ ವೋಲ್ಟೇಜ್ ತಗ್ಗಿದಾಗ ಇಷ್ಟೇ ಸಿಗುವುದುಂಟು.

ದೀಪ ಆರಿದೊಡನೆ ಸ್ವಿಚ್ ಆರಿಸಿ. ಮಾರನೆಯ ರಾತ್ರಿ ಅದೇ ಹೊತ್ತಿನವರೆಗೆ ಬಿಸಿನೀರಿನ ನಲ್ಲಿ ಯಾರೂ ತಿರುಗಿಸಬಾರದು. ನಲ್ಲಿಗೆ ಚೀಟಿ ಅಂಟಿಸಿ, ಅಡುಗೆಮನೆಯ ನಲ್ಲಿಗೂ. ಪಾತ್ರೆ ತೊಳೆಯುವ ಮೌಶಿಗೆ ಬಾಯಿಬಿಟ್ಟು ಹೇಳಿ, ಚೀಟಿ ಯಾರೂ ಓದುವುದಿಲ್ಲ. ಮತ್ತೆ ಸ್ವಿಚ್ ಹಾಕಿ, ದೀಪ ಆರಲು ಹಿಡಿದ ನಿಮಿಷ ಬರೆದಿಡಿ. 20 ನಿಮಿಷವಾದರೆ 0.6 ಯೂನಿಟ್. ಥರ್ಮೋಸ್ಟಾಟ್, ಅಂದರೆ ನೀರು ಎಷ್ಟು ಕಾದಾಗ ನಿಲ್ಲಬೇಕೆಂದು ನಿಗದಿ ಮಾಡುವ ಗುಂಡಿ, 60ರಲ್ಲಿದ್ದು ಸ್ನಾನದ ಮನೆ 25 ಡಿಗ್ರಿ ಇದ್ದರೆ ಅಂತರ 35; ಲೇಬಲ್‌ನ 45ಕ್ಕೆ ಹೊಂದಿಸಲು 45ರಿಂದ ಗುಣಿಸಿ 35ರಿಂದ ಭಾಗಿಸಿ, 0.77. ನೀರು ಆರುತ್ತಾ ಹೋದಂತೆ ಸೋರಿಕೆಯೂ ತಗ್ಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಹೆಚ್ಚೇ. ಸ್ನಾನದ ಮನೆ ಪ್ರಯೋಗಾಲಯವಲ್ಲ, ಸ್ವಲ್ಪ ವ್ಯತ್ಯಾಸಕ್ಕೆ ಜಗಳ ಬೇಡ. ಇನ್ನೊಂದು ದಿನ ಮಾಡಿದಾಗಲೂ ಲೇಬಲ್ ಅಂಕಿಯ ಒಂದೂವರೆ ಪಟ್ಟು ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಹೋಗುವ ಮೊದಲು, ನೀರು ಬಿಸಿಯಿರುವಾಗ, ಗೀಸರ್‌ಗೆ ತಣ್ಣೀರು ತರುವ ಪೈಪನ್ನು ಒಂದು ಮೊಳ ಆಚೆ ಮುಟ್ಟಿ ನೋಡಿ. ಅಲ್ಲಿಯೂ ಬೆಚ್ಚಗಿದ್ದರೆ ಬಿಸಿನೀರು ಹಿಂದಕ್ಕೆ ಹೋಗುತ್ತಿದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕದ, ಅಥವಾ ಸರಿಯಾಗಿ ಕೂರಿಸದ ಪ್ಲಂಬರನ ಕೆಲಸ ಅದು, ಕಂಪನಿಯದಲ್ಲ. ಅಡುಗೆಮನೆಗೆ ಆರು ಮೀಟರ್ ಅರ್ಧ ಇಂಚಿನ ಪೈಪ್ ಎಳೆಸಿದ್ದರೆ, ಪ್ರತಿ ಸಲ ನಲ್ಲಿ ಮುಚ್ಚಿದಾಗ ಸುಮಾರು ಒಂದು ಲೀಟರ್ ಬಿಸಿನೀರು ಅದರೊಳಗೇ ಉಳಿದು ತಣ್ಣಗಾಗುತ್ತದೆ. ಇದಕ್ಕೂ ಸ್ಟಾರ್‌ಗೂ ಸಂಬಂಧವಿಲ್ಲ. ಬಿಲ್ ಏರಲು ಇಲ್ಲಿ ವಿದ್ಯುತ್ ಕೊಡುವ ಕಂಪನಿ ಮಹಾವಿತರಣದ ಸ್ಲ್ಯಾಬ್ ಕೂಡ ಕಾರಣವಾಗಬಹುದು: ತಿಂಗಳ ಬಳಕೆ 100 ಅಥವಾ 300 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗಳಿಗೆ ದರವೇ ಬೇರೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಕಂಪನಿಗೆ ಬರೆಯಿರಿ, ಫೋನ್ ಮಾಡಬೇಡಿ. ಫೋನಿಗೆ ಬರುವ ಹುಡುಗ "ಮೇಡಂ, ಮಾಲು ಚೆನ್ನಾಗಿದೆ" ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಮಾದರಿ ಮತ್ತು ಸರಣಿ ಸಂಖ್ಯೆ, ಬಿಲ್ ದಿನಾಂಕ, ನಿಮ್ಮ ಎರಡೂ ದಿನದ ಅಳತೆ, ಫೋಟೊಗಳು ಇರಲಿ. ಈ ಮಾದರಿಯ ಪರೀಕ್ಷಾ ವರದಿ ಕೊಡಿ ಎಂದು ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು.