ಗ್ರಾಮಸಭೆಯಲ್ಲಿ ನಿಮ್ಮ ಮಾತು ಹಿಂದಿನ ಸಾಲಿಗೂ ಮುಟ್ಟಬೇಕಾದರೆ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದುವವರು ಬೇಕಾದರೆ ಹಿಂದಕ್ಕೆ ಹೋಗಿ ನೋಡಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಕೋಲಾರದ ಕಡೆಯ ಗ್ರಾಮಸಭೆಯಲ್ಲಿ ಕೆರೆ ಹೂಳೆತ್ತಿಸಿ ಎಂದು ಕೇಳಬೇಕಾಗಿದೆ ಅಂದುಕೊಳ್ಳಿ. ಬರೆದುಕೊಂಡು ಬಂದ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಬಹಳ ವರ್ಷಗಳಿಂದ ಹೂಳು ತುಂಬಿಕೊಂಡು, ರಾಜಕಾಲುವೆ ಒತ್ತುವರಿಯಾಗಿ, ಮಳೆ ಬಂದರೂ ನೀರು ನಿಲ್ಲದೆ, ಬೋರ್‌ವೆಲ್‌ಗಳು ಬತ್ತಿರುವ ಕಾರಣ ಕೆರೆಯ ಹೂಳು ತೆಗೆಸಿಕೊಡಬೇಕೆಂದು ಕೋರಲಾಗಿದೆ." ವ್ಯಾಕರಣ ಸರಿಯಿದೆ. ಆದರೆ ಏನು ಬೇಕು ಅನ್ನುವುದು ಗೊತ್ತಾಗುವ ಹೊತ್ತಿಗೆ ಹಿಂದಿನ ಸಾಲಿನವರು ಪಕ್ಕದವರ ಜೊತೆ ಮಾತಿಗಿಳಿದಿರುತ್ತಾರೆ. "ಕೋರಲಾಗಿದೆ" ಅಂದರೆ ಕೇಳುತ್ತಿರುವವರು ಯಾರು? ಅರ್ಜಿಯಲ್ಲಿ ಇರಲಿ, ಬಾಯಲ್ಲಿ ಬೇಡ.

ಬೇಡಿಕೆ ಮೊದಲು ಹೇಳಿ: "ಈ ಬೇಸಿಗೆಯಲ್ಲೇ ನಮ್ಮ ಕೆರೆ ಹೂಳೆತ್ತಬೇಕು." ಒಂದು ಉಸಿರು ನಿಲ್ಲಿಸಿ. ಆಮೇಲೆ ಕಾರಣಗಳು, ಒಂದೊಂದಕ್ಕೂ ಒಂದೊಂದು ವಾಕ್ಯ: "ಕೆರೆಯಲ್ಲಿ ಹೂಳು ತುಂಬಿದೆ. ರಾಜಕಾಲುವೆ ಮುಚ್ಚಿದೆ. ತೂಬು ಒಡೆದಿದೆ." "ತುಂಬಿಕೊಂಡು", "ಒತ್ತುವರಿಯಾಗಿ" ಥರದ ಕೊಂಡಿ ಒಂದಕ್ಕಿಂತ ಹೆಚ್ಚಾದಲ್ಲೆಲ್ಲ ಕತ್ತರಿಸಿ, ವಾಕ್ಯಕ್ಕೆ ಒಂದು ಸಾಕು. ಕತ್ತರಿಸಿದಾಗ ವಾಕ್ಯಗಳ ತುದಿ ತಾವಾಗಿಯೇ ಪ್ರಾಸ ಕೂಡುತ್ತವೆ, ಕಿವಿಯಲ್ಲಿ ಉಳಿಯುತ್ತವೆ. ಮೂರಕ್ಕೆ ನಿಲ್ಲಿಸಿ. ಐದಾರು ಆದರೆ ಹರಿಕಥೆಯ ರಾಗ ಬಂದುಬಿಡುತ್ತದೆ.

"ನೀರೇ ಇಲ್ಲ" ಅನ್ನುವಾಗಿನ "ಏ" ಬಲವಾದದ್ದು. ಇಡೀ ಮಾತಿನಲ್ಲಿ ಎರಡು ಕಡೆ ಬಳಸಿ, ಅಷ್ಟೇ.

ಅಂಕಿ ಹೇಳುವುದಾದರೆ ಮಿತಿ ಮೊದಲು, ಅಳತೆ ಆಮೇಲೆ: "ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಬೋರಿನಲ್ಲಿ ಇಷ್ಟಿದೆ." ತಿರುಗಿಸಿ ಹೇಳಿದರೆ ಮೊದಲು ಬಂದ ಅಂಕಿ ಜಾಸ್ತಿಯೋ ಕಮ್ಮಿಯೋ ಯಾರಿಗೂ ತಿಳಿಯದು.

"ನಾವು" ಬಗ್ಗೆ ಎಚ್ಚರ. ಕನ್ನಡದ "ನಾವು" ಎದುರಿಗಿರುವವರನ್ನು ಸೇರಿಸಿಕೊಳ್ಳಲೂಬಹುದು, ಹೊರಗಿಡಲೂಬಹುದು. ತೆಲುಗಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ: ಮನಂ, ಮೇಮು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ, ಆ ವ್ಯತ್ಯಾಸ ಅವರ ಕಿವಿಗೆ ತಟ್ಟನೆ ತಾಗುತ್ತದೆ. ಆದ್ದರಿಂದ "ನಾವು ನೀವು ಎಲ್ಲ ಸೇರಿ" ಎಂದು ಬಿಡಿಸಿ ಹೇಳಿ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ "ನೀವು ಮಾಡಿಲ್ಲ" ಅಂದರೆ ಜಗಳ ಶುರು. ಇಲ್ಲಿ ಮಾತ್ರ ಮಾಡಬೇಕಾದವರನ್ನು ಮರೆಮಾಡುವುದೇ ಜಾಣತನ: "ಕೆಲಸ ಆಗಿಲ್ಲ ಸರ್." ಬೆನ್ನಿಗೇ ಪ್ರಶ್ನೆ. "ಮಾಡಿಸ್ತೀರಾ?" ಬೇಡ, ಅದಕ್ಕೆ "ಮಾಡೋಣ ಬಿಡಿ" ಎಂಬ ಉತ್ತರ ಸಿದ್ಧವಿರುತ್ತದೆ. "ಯಾವ ತಿಂಗಳು ಶುರುವಾಗುತ್ತೆ?" ಎಂದು ಕೇಳಿ ಸುಮ್ಮನೆ ನಿಲ್ಲಿ. ಉತ್ತರ ಬಂದ ಮೇಲೆ ಆ ತಿಂಗಳನ್ನು ನೀವೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಕೂತುಕೊಳ್ಳಿ.